ಪಡುವಣಕ್ಕೆ ಹೋದ ಅಜ್ಜನಿಗೊಂದು ಎಲೆ

ಎಲಿಕಾಟ್ ಸಿಟಿ

ಅಮೆರಿಕಕ್ಕೆ ಹೋಗಿ ಬಂದವರೆಲ್ಲ ನಯಾಗರದ ಫೋಟೊ ತೋರಿಸುತ್ತಾರೆ. ನನ್ನ ಫೋನಿನಲ್ಲಿರುವುದು ಒಂದು ಸ್ಮಶಾನದ ಫೋಟೊ. ಅದೂ ನಾನೇ ಕೈಯಾರೆ ಹಾಳುಗೆಡವಿದ ಸ್ಮಶಾನ. ನೆರೆಹೊರೆಯವರು ಫೋಟೊ ಕೇಳಿದರೆ ಚಾರ್ಜ್ ಇಲ್ಲ ಎಂದು ಜಾರಿಕೊಳ್ಳುತ್ತೇನೆ. ಓದುವವರ ಮುಂದೆ ಹಾಗೆ ಮಾಡಲು ಮನಸ್ಸು ಬರುವುದಿಲ್ಲ.

ನಾವು ಮಲ್ಪೆಯ ಆಚೆಯ ಮೊಗವೀರರು, ಕಡಲನ್ನು ನಂಬಿ ಬದುಕಿದವರು. ನಮ್ಮ ಕುಟುಂಬ ತಾಯಿಯ ಕಡೆಯಿಂದ ಸಾಗುತ್ತದೆ. ಮಳೆಗಾಲದ ಆಟಿ ತಿಂಗಳು ಬಂದರೆ, ತೀರಿಹೋದ ಹಿರಿಯರಿಗೆಲ್ಲ ಸಾಲಾಗಿ ಬಾಳೆಯೆಲೆ ಹಾಕಿ, ಕುಚ್ಚಲಕ್ಕಿ ಅನ್ನ, ಮೀನಿನ ಸಾರು ಬಡಿಸಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಅವರು ಉಂಡ ಮೇಲೆ ನಮ್ಮ ಊಟ. ಬಡಿಸುವುದು ಮನೆಯ ಹಿರಿಯ ಹೆಂಗಸಿನ ಕೆಲಸ. ನಮ್ಮ ಅಮ್ಮ ಹೋದ ಮೇಲೆ ಆ ಹಿರಿಯ ಹೆಂಗಸು ನಾನು.

ಆ ಸಾಲಿನಲ್ಲಿ ಒಂದು ಎಲೆ ಮಾತ್ರ ಖಾಲಿ ಉಳಿಯುತ್ತದೆ. ಅದು ಮುದ್ದಜ್ಜನದು. ಮುದ್ದಜ್ಜ ಎಂದರೆ ನನ್ನ ಮುತ್ತಜ್ಜಿಯ ಅಣ್ಣ. ಮಂಜಿ ಎಂಬ ಹಾಯಿಹಡಗಿನಲ್ಲಿ ಮುಂಬಯಿಗೆ ಹೋದವನು, ಅಲ್ಲಿಂದ ದೊಡ್ಡ ಹಡಗಿನಲ್ಲಿ ಖಲಾಸಿಯಾಗಿ ಪಡುವಣಕ್ಕೆ ಹೊರಟವನು. ಜೊತೆಗಿದ್ದ ಒಬ್ಬ ಮರಳಿ ಬಂದು, ಅವನು ಅಮೆರಿಕದಲ್ಲಿ ಇಳಿದುಬಿಟ್ಟ ಎಂದಷ್ಟೇ ಹೇಳಿದ. ಬದುಕಿರುವವನಿಗೆ ಸತ್ತವರ ಊಟ ಬಡಿಸಬಾರದು, ಸುದ್ದಿ ಬರುವ ತನಕ ಎಲೆ ಹಾಕಿ, ಬಡಿಸಬೇಡಿ ಎಂದು ಮುತ್ತಜ್ಜಿ ಕಟ್ಟಪ್ಪಣೆ ಮಾಡಿದರು. ಮುತ್ತಜ್ಜಿ ಹೋದರು, ಅಜ್ಜಿ ಹೋದರು, ಅಮ್ಮ ಹೋದರು. ಸುದ್ದಿ ಬರಲಿಲ್ಲ. ಅಷ್ಟು ವರ್ಷ ಯಾರೂ ಬದುಕಿರುವುದಿಲ್ಲ ಎಂಬ ಲೆಕ್ಕ ನಮಗೂ ಗೊತ್ತು. ಆದರೆ ಮಾತು ಮಾತೇ. ಬಾಗಿಲು ಮುಚ್ಚುವಾಗ ಆ ಖಾಲಿ ಎಲೆಯತ್ತ ಒಮ್ಮೆ ತಿರುಗಿ ನೋಡುತ್ತಿದ್ದೆ. ಎಲ್ಲರೂ ಉಣ್ಣುವ ಪಂಕ್ತಿಯಲ್ಲಿ ಒಬ್ಬನನ್ನು ಉಪವಾಸ ಕೂರಿಸಿದ ಮನೆ ನಮ್ಮದು.

ಕೊರೊನಾ ಕಾಲದಲ್ಲಿ ಮನೆಯೊಳಗೆ ಕೂತು ಬೇಸತ್ತ ನನ್ನ ತಂಗಿಯ ಮಗಳು ಶ್ವೇತಾ ಒಂದು ಕೊಳವೆಗೆ ಉಗುಳಿ ವಂಶಾವಳಿ ಪರೀಕ್ಷೆಗೆ ಕಳಿಸಿದಳು. ಅವಳಿರುವುದು ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯಲ್ಲಿ, ಔಷಧಿ ಅಂಗಡಿಯ ಕೆಲಸ. ಉಗುಳಿದ್ದಕ್ಕೆ ಶಾಲೆಯ ಮೈದಾನದಲ್ಲಿ ಮಕ್ಕಳ ಕಿವಿ ಹಿಂಡಿದ ಪೀಟಿ ಟೀಚರ್ ನಾನು. ಉಗುಳಿನಿಂದ ನೆಂಟರು ಸಿಗುತ್ತಾರೆಂದರೆ ಹೇಗೆ ನಂಬಲಿ? ಆದರೆ ಸಿಕ್ಕಿದರು. ಅಟ್ಲಾಂಟದ ಒಬ್ಬ ಕರಿಯ ಮುದುಕಿ, ಮಿಸ್ ಲೊರೇನ್. ಅಪ್ಪನ ಕಡೆಯಿಂದಲ್ಲ, ಅಮ್ಮನ ಕಡೆಯಿಂದಲೇ ಹತ್ತಿರದ ರಕ್ತ ಎಂದು ಶ್ವೇತಾ ಫೋನಿನಲ್ಲಿ ಹೇಳಿದಾಗ ನಾನು ಬಂಗುಡೆ ಕೊಯ್ಯುತ್ತಿದ್ದವಳು ಕತ್ತಿ ಕೆಳಗಿಟ್ಟೆ. ಆಚೆಯವರು ಕೇಳಿದ್ದು ಒಂದೇ ಪ್ರಶ್ನೆ: ನನ್ನ ಅಜ್ಜ ಯಾರು?

ವೀಸಾ ಸಿಕ್ಕಿದ ಮೇಲೆ, ಮುದ್ದಜ್ಜ ಮಣ್ಣಾದ ಜಾಗ ಸಿಕ್ಕರೆ ಅಲ್ಲೇ ಬಡಿಸಿ, ಆಟಿಗೆ ಮೊದಲೇ ಮರಳುವ ಹಾಗೆ ಹೊರಟೆ.

ವಾಷಿಂಗ್ಟನ್

ಹಳೆಯ ಹಡಗುಗಳ ಕಾಗದಪತ್ರ ಇಟ್ಟಿರುವ ದೊಡ್ಡ ಕಟ್ಟಡವೊಂದಕ್ಕೆ ಶ್ವೇತಾ ನನ್ನನ್ನು ಕರೆದುಕೊಂಡು ಹೋದಳು. ಅಲ್ಲಿಯ ನೌಕರ, ಬಿಳಿ ಗಡ್ಡದ ಮನುಷ್ಯ, ನನ್ನ ಅಜ್ಜನಿಗಾಗಿ ತನ್ನ ಸ್ವಂತ ಅಜ್ಜನನ್ನು ಹುಡುಕುವಷ್ಟು ಕಾಳಜಿಯಿಂದ ಹುಡುಕಿದ. ಖಲಾಸಿಗಳ ಹೆಸರನ್ನು ಆಗ ಸರಿಯಾಗಿ ಬರೆದುಕೊಳ್ಳುತ್ತಲೇ ಇರಲಿಲ್ಲವಂತೆ. ಕೊನೆಗೆ ಏನೂ ಸಿಗದಾಗ ಎದ್ದು ನಿಂತು, ಕ್ಷಮಿಸಿ ಎಂದ. ನಮ್ಮ ಕಚೇರಿಗಳಲ್ಲಿ ಇರುವ ಕಾಗದವನ್ನೇ ಇಲ್ಲ ಎನ್ನುವುದನ್ನು ಕಂಡವಳಿಗೆ, ಇಲ್ಲದ ಕಾಗದಕ್ಕೆ ಕ್ಷಮೆ ಕೇಳುವುದು ಹೊಸದು. ಕೈಮುಗಿದು ಬಂದೆ.

ಆ ಊರಿನಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಬಿಳಿ ಗುಮ್ಮಟಗಳಲ್ಲ. ರಸ್ತೆ ದಾಟಲು ಒಂದು ಕಾಲು ಕೆಳಗಿಟ್ಟರೆ ಸಾಕು, ಕಾರುಗಳು ನಿಂತುಬಿಡುತ್ತವೆ. ಉಡುಪಿಯಲ್ಲಿ ಪೀಪಿ ಊದಿ, ಎರಡೂ ಕೈ ಚಾಚಿ ಮಕ್ಕಳನ್ನು ದಾಟಿಸಿದವಳು ನಾನು. ಬೇಕಿಲ್ಲದಿದ್ದರೂ ಎರಡು ಸಲ ದಾಟಿ ನೋಡಿದೆ. ಮೂರನೆಯ ಸಲ ಶ್ವೇತಾ ಕೈ ಹಿಡಿದು ನಿಲ್ಲಿಸಿದಳು.

ಲ್ಯಾನ್‌ಹ್ಯಾಮ್

ಭಾನುವಾರ ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ಹೋದೆವು. ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ತಿನ್ನುತ್ತ ಕುಂದಾಪುರ ಕಡೆಯ ಹೆಂಗಸೊಬ್ಬರು ಮಾತಿಗೆ ಸಿಕ್ಕಿದರು. ನನ್ನ ಸಂಗತಿ ಕೇಳಿ, ಪೇಪರ್ ತಟ್ಟೆಯಲ್ಲಿ ಬಡಿಸಿದರೂ ನಡೆಯುತ್ತದೆ ಎಂದು ಸಲಹೆ ಕೊಟ್ಟರು.

"ಇಷ್ಟು ವರ್ಷ ಕಾದವನಿಗೆ ಪೇಪರ್ ತಟ್ಟೆಯಾ?" ಎಂದೆ.

ಅವರು ನಕ್ಕು, "ಅಲ್ಲಿ ಅವರಿಗೆ ಹೆಂಡತಿ ಇದ್ದಿರ್ಬಹುದಲ್ಲ. ಅವರಿಗೂ ಬಡಿಸ್ತೀರಾ?" ಎಂದು ಕೇಳಿದರು.

"ಅದು ಹೇಗೆ ಆಗ್ತದೆ? ಹೆಂಡತಿ ಬೇರೆ ಕುಟುಂಬದವಳು. ಅವಳಿಗೆ ಅವಳ ತಾಯಿ ಮನೆಯವರು ಬಡಿಸ್ಬೇಕು. ನಮ್ಮಲ್ಲಿ ಕ್ರಮ ಉಂಟು."

ಎದುರು ಕೂತಿದ್ದ ಶ್ವೇತಾಳ ಗಂಡ ಕಾರ್ತಿಕ್ ಪೊಂಗಲ್ ತಿನ್ನುವುದನ್ನು ನಿಲ್ಲಿಸಿ ಕೇಳಿಸಿಕೊಂಡ. ಅವನು ಮೈಸೂರಿನವನು, ಮೀನೆಂದರೆ ದೂರ. ಶ್ವೇತಾಳಿಗೆ ರಜೆ ಇಲ್ಲದ್ದರಿಂದ ನನ್ನನ್ನು ಅಟ್ಲಾಂಟಕ್ಕೆ ಕರೆದೊಯ್ಯುವ ಹೊಣೆ ಅವನ ತಲೆಗೆ ಬಿದ್ದಿತ್ತು.

"ದೊಡ್ಡಮ್ಮ, ನಾನು ಡ್ರೈವ್ ಮಾಡ್ತೀನಿ, ನೋ ಪ್ರಾಬ್ಲಮ್. ಆದ್ರೆ ಫಿಶ್ ಮಾತ್ರ ಕೂಲರ್‌ನಲ್ಲೇ ಇರ್ಲಿ. ಕಾರ್ ಲೀಸ್‌ದು, ಸ್ಮೆಲ್ ಹೋಗಲ್ಲ," ಎಂದ.

ಉತ್ತರ ಕೆರೊಲಿನಾ

ದಾರಿಯುದ್ದಕ್ಕೂ ಪೈನ್ ಮರಗಳು. ಊರೆಂಬುದು ಎಲ್ಲಿ ಅಡಗಿದೆಯೋ ಎಂದು ನಾನು ಕತ್ತು ಚಾಚಿ ನೋಡುತ್ತಲೇ ಇದ್ದೆ. ಪೆಟ್ರೋಲ್ ಹಾಕಿಸಲು ನಿಂತಲ್ಲಿ ಒಬ್ಬ ಬಿಳಿಯ ಮುದುಕ ನನಗಾಗಿ ಅಂಗಡಿಯ ಬಾಗಿಲು ಹಿಡಿದು ನಿಂತ. ವಯಸ್ಸಾದವರು ಮೊದಲು ಹೋಗಲಿ ಎಂದು ನಾನೂ ಬಾಗಿಲು ಹಿಡಿದೆ. ಅವನು ಮ್ಯಾಡಮ್ ಎಂದ, ನಾನು ಸರ್ ಎಂದೆ. ಇಬ್ಬರೂ ಜಗ್ಗಲಿಲ್ಲ. ನಮ್ಮ ಹಿಂದೆ ನಾಲ್ಕೈದು ಜನ ಸೇರಿದರೂ ಯಾರೂ ಗೊಣಗಲಿಲ್ಲ, ಯಾರೂ ತೂರಿಕೊಂಡು ಹೋಗಲಿಲ್ಲ. ಕೊನೆಗೆ ಕಾರ್ತಿಕ್ ಬಂದು ನನ್ನನ್ನು ಒಳಗೆ ನೂಕಿದ. ಆ ಮುದುಕ ಟೊಪ್ಪಿ ತೆಗೆದು ನಕ್ಕ.

ಅದೇ ಸೀಮೆಯಲ್ಲಿ ಮುದ್ದಜ್ಜನ ಕಾಲಕ್ಕೆ ಅವನಿಗೆ ಈ ಬಾಗಿಲು ತೆರೆಯುತ್ತಿರಲಿಲ್ಲ ಎಂದು ಕಾರ್ತಿಕ್ ಕಾರಿನಲ್ಲಿ ಹೇಳಿದ. ಕರಿಯರಿಗೆ ಬೇರೆ ಬಾಗಿಲು, ಬೇರೆ ಬೆಂಚು, ನೀರು ಕುಡಿಯಲೂ ಬೇರೆ ನಲ್ಲಿ. ನಮ್ಮ ಮೈಬಣ್ಣದವನನ್ನು ಯಾವ ಸಾಲಿಗೆ ಸೇರಿಸುತ್ತಿದ್ದರೆಂದು ಕೇಳುವ ಅಗತ್ಯವಿರಲಿಲ್ಲ.

ಅಟ್ಲಾಂಟ, ನಾರ್‌ಕ್ರಾಸ್

ಮಿಸ್ ಲೊರೇನ್ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಎಂಬತ್ತು ದಾಟಿದ ಜೀವ. ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. ಬೀದಿಯವರೆಲ್ಲ ಅವರನ್ನು ಮಿಸ್ ಲೊರೇನ್ ಎಂದೇ ಕರೆಯುತ್ತಾರೆ, ನಮ್ಮಲ್ಲಿ ಹೆಸರಿನ ಮುಂದೆ ಅಕ್ಕ ಎಂದು ಸೇರಿಸಿದಂತೆ. ಅರವತ್ತು ದಾಟಿದ ನನ್ನನ್ನು ಅವರು ಬೇಬಿ ಎಂದು ಕರೆದು ಅಪ್ಪಿಕೊಂಡರು. ನನ್ನನ್ನು ಹಾಗೆ ಕರೆಯುವವರು ಊರಿನಲ್ಲಿ ಯಾರೂ ಉಳಿದಿಲ್ಲ.

ಅವರ ಇಂಗ್ಲಿಷ್ ನನಗೆ ಅರ್ಧ ಹಿಡಿಯಿತು, ಉಳಿದರ್ಧವನ್ನು ಕಾರ್ತಿಕ್ ಹಿಡಿದುಕೊಟ್ಟ. ಅವರ ಅಮ್ಮನ ಅಪ್ಪ ಜ್ವರ ಹಿಡಿದು ಹಡಗಿನಿಂದ ಇಳಿದವನಂತೆ. ದಕ್ಷಿಣ ಕೆರೊಲಿನಾದ ಕಡಲತಡಿಯಲ್ಲಿ ಹ್ಯಾನಾ ಎಂಬ ಹುಡುಗಿಯ ಮನೆಯವರು ಅವನಿಗೆ ಗಂಜಿ ಕುಡಿಸಿ ಬದುಕಿಸಿದರು. ಅವನು ಹ್ಯಾನಾಳನ್ನು ಮದುವೆಯಾಗಿ ಅಲ್ಲೇ ನಿಂತ. ಎಲ್ಲರೂ ಅವನನ್ನು ಜಾನ್ ಎಂದರು. ಹಳೆಯ ಹೆಸರನ್ನು ಅವನು ಹೇಳಿದ್ದೇ ಇಲ್ಲ. ಲೊರೇನ್ ಹುಟ್ಟುವ ಮೊದಲೇ ತೀರಿಹೋದ. ಇದನ್ನೆಲ್ಲ ಅವರಿಗೆ ಹೇಳಿದ್ದು ಅಜ್ಜಿ ಹ್ಯಾನಾ.

ಅಲ್ಲಿಯವರು ಬೀಸುಬಲೆಯಲ್ಲಿ ಮೀನು ಹಿಡಿಯುತ್ತಿದ್ದರೆಂದು ಕೇಳಿ, ಬಲೆ ಹೆಣೆಯುವುದನ್ನು ಆ ಊರಿಗೆ ನಮ್ಮಜ್ಜನೇ ಕಲಿಸಿರಬೇಕು ಎಂದು ನಾನು ಹೆಮ್ಮೆಯಿಂದ ಹೇಳಿದೆ. ಮಿಸ್ ಲೊರೇನ್ ನಕ್ಕುಬಿಟ್ಟರು.

"ಇಲ್ಲ ಬೇಬಿ. ನಮ್ಮವರು ಬಲೆಯ ವಿದ್ಯೆಯನ್ನು ಆಫ್ರಿಕದಿಂದಲೇ ಕೈಯಲ್ಲಿ ಹೊತ್ತು ತಂದವರು. ಅಜ್ಜ ತನ್ನೂರಿನವರ ಹಾಗೆಯೇ ಬಲೆ ಬೀಸುವವರನ್ನು ಇಲ್ಲಿ ಕಂಡ, ಅದಕ್ಕೇ ಉಳಿದುಕೊಂಡ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು."

ನನ್ನ ಹೆಮ್ಮೆ ಇಳಿಯಿತು, ಆದರೆ ಮನಸ್ಸು ತಂಪಾಯಿತು. ಅಷ್ಟು ದೂರ ಹೋದವನು ಪರಕೀಯರ ನಡುವೆ ಬಿದ್ದಿರಲಿಲ್ಲ.

"ಅವನ ಹೆಸರೇನು?" ಎಂದು ಅವರು ಕೇಳಿದರು.

"ಮುದ್ದ," ಎಂದೆ.

ಅವರು ಅದನ್ನು ಮೆಲ್ಲಗೆ, ನಾಲಿಗೆಗೆ ಸರಿಹೊಂದುವ ತನಕ ಹೇಳಿಕೊಂಡರು. ಆಮೇಲೆ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮುಖ ತೊಳೆದಿದ್ದರು. ಊಟ ಬಡಿಸುವ ನಮ್ಮ ಕ್ರಮವನ್ನು ವಿವರಿಸಿದಾಗ ಅವರಿಗೆ ಏನೂ ವಿಚಿತ್ರವೆನಿಸಲಿಲ್ಲ. ಹಾಗಾದರೆ ನಾನೂ ಟೊಮೆಟೊ ಹಾಕಿ ಬೇಯಿಸುವ ನನ್ನ ಕೆಂಪನ್ನ ಮಾಡಿ ತರುತ್ತೇನೆ ಎಂದರು.

ಮರುದಿನ ನಾರ್‌ಕ್ರಾಸಿನ ನಮ್ಮವರ ಅಂಗಡಿಯಲ್ಲಿ ಕುಚ್ಚಲಕ್ಕಿ, ತೆಂಗಿನಕಾಯಿ, ಹಿಮಗಟ್ಟಿದ ಬಂಗುಡೆ ಎಲ್ಲವೂ ಸಿಕ್ಕಿತು. ಬಾಳೆಯೆಲೆ ಮಾತ್ರ ಮಡಿಸಿದ ಸೀರೆಯ ಹಾಗೆ ಪ್ಯಾಕೆಟ್ಟಿನೊಳಗೆ ಗಟ್ಟಿಯಾಗಿ ಮಲಗಿತ್ತು. ಕಾರ್ತಿಕ್ ಮೀನಿನ ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದು, ಉಸಿರು ಕಟ್ಟಿ ಕೂಲರಿಗೆ ಹಾಕಿದ. ನನ್ನ ಅಳಿಯನ ಬಗ್ಗೆ ನನಗಿದ್ದ ಗೌರವ ಅಂದು ದುಪ್ಪಟ್ಟಾಯಿತು.

ದಕ್ಷಿಣ ಕೆರೊಲಿನಾದ ಕಡಲತಡಿ

ಮಿಸ್ ಲೊರೇನ್ ನಮ್ಮ ಜೊತೆಗೇ ಕಾರಿನಲ್ಲಿ ಬಂದರು. ಕಾರ್ತಿಕ್ ಅಡುಗೆಮನೆ ಇರುವ ಒಂದು ಬಾಡಿಗೆ ಮನೆ ಹಿಡಿದಿದ್ದ. ಬೆಳಿಗ್ಗೆ ನನ್ನ ಅನ್ನ, ಸಾರು ಮಾಡಿಟ್ಟು, ಅವರು ಒಳಗೆ ಕೆಂಪನ್ನ ಬೇಯಿಸುತ್ತಿದ್ದಾಗ, ಜಾಗ ಚೊಕ್ಕಟ ಮಾಡಿ ಬರುತ್ತೇನೆಂದು ನಾನು ಕಾರ್ತಿಕ್‌ನನ್ನು ಎಬ್ಬಿಸಿಕೊಂಡು ಹೊರಟೆ. ಬಡಿಸುವ ನೆಲವನ್ನು ಮೊದಲು ಗುಡಿಸಿ ಶುದ್ಧ ಮಾಡುವುದು ನಮ್ಮ ಪದ್ಧತಿ. ಅವರಿಗೆ ಹೇಳದೆ ಹೊರಟದ್ದು ಮಾತ್ರ ಯಾವ ಪದ್ಧತಿಯೂ ಅಲ್ಲ.

ಸ್ಮಶಾನವಿದ್ದದ್ದು ಉಪ್ಪುನೀರಿನ ಜೌಗಿನ ಅಂಚಿನಲ್ಲಿ, ಬೂದು ಪಾಚಿ ಇಳಿಬಿದ್ದ ದೊಡ್ಡ ಮರಗಳ ಕೆಳಗೆ. ಕಲ್ಲಿನ ಗುರುತಿಲ್ಲ, ನೀರಿನ ಕಡೆ ಅಕ್ಕಪಕ್ಕ ಇರುವ ಎರಡು ದಿಬ್ಬಗಳು ಎಂದು ಮಿಸ್ ಲೊರೇನ್ ಹಿಂದಿನ ದಿನ ಹೇಳಿದ್ದರು. ಒಂದು ಅಜ್ಜನದು, ಇನ್ನೊಂದು ಹ್ಯಾನಾಳದು. ನೋಡಿದರೆ ಎರಡರ ಮೇಲೂ ಕಸವೋ ಕಸ. ಮುಕ್ಕಾದ ಪಿಂಗಾಣಿ, ನೀಲಿ ಸೀಸೆ, ಒಡೆದ ಚಹಾ ಕಪ್ಪು, ಚಿಮಣಿ ಗಾಜು, ಶಂಖ, ಚಿಪ್ಪು. ಯಾರೋ ಪುಂಡರು ತಿಂದು ಕುಡಿದು ಎಸೆದು ಹೋಗಿದ್ದಾರೆಂದು ನನ್ನ ಪಿತ್ತ ನೆತ್ತಿಗೇರಿತು.

ಶಾಲೆಯಲ್ಲಿ ಶ್ರಮದಾನ ಮಾಡಿಸುವಾಗ ಮೊದಲು, ಆಮೇಲೆ ಎಂದು ಎರಡು ಫೋಟೊ ತೆಗೆಸುವುದು ನನ್ನ ರೂಢಿ.

"ಒಂದು ಫೋಟೊ ತೆಗಿ ಮಾರಾಯ, ನನ್ನ ಫೋನಲ್ಲಿ. ಕಸ ಚೆನ್ನಾಗಿ ಕಾಣ್ಬೇಕು," ಎಂದೆ.

ಕಾರ್ತಿಕ್ ತೆಗೆದ. "ದೊಡ್ಡಮ್ಮ, ಮಿಸ್ ಲೊರೇನ್‌ನ ಒಂದ್ಸಲ ಆಸ್ಕ್ ಮಾಡೋಣ್ವಾ?" ಎಂದೂ ಹೇಳಿದ.

"ಎಂಬತ್ತು ದಾಟಿದವರಿಗೆ ಕಸ ಹೆಕ್ಕುವ ಕೆಲಸ ಯಾಕೆ?" ಎಂದು ಅವನ ಬಾಯಿ ಮುಚ್ಚಿಸಿ, ಸೆರಗು ಬಿಗಿದು, ಎರಡು ಕಪ್ಪು ಚೀಲ ತುಂಬಿಸಿದೆ. ಗುಡಿಸಿ ನೀರು ಚಿಮುಕಿಸಿದ ಮೇಲೆ ದಿಬ್ಬಗಳು ಕನ್ನಡಿಯಂತಾದವು. ಇಂಥ ಕೆಲಸವನ್ನು ಯಾರಾದರೂ ನೋಡಬಾರದೇ ಎನಿಸಿತು.

ನೋಡಲು ಮಿಸ್ ಲೊರೇನ್ ಬಂದರು. ಕಾರ್ತಿಕ್ ಮರಳಿ ಹೋಗಿ ಅವರನ್ನೂ ಅಡುಗೆಯನ್ನೂ ಕರೆತಂದಿದ್ದ. ಅವರು ಕೋಲೂರಿಕೊಂಡು ಬಂದು, ದಿಬ್ಬಗಳನ್ನು ನೋಡಿ, ಅಲ್ಲೇ ನಿಂತರು. ಬೈಯಲಿಲ್ಲ. ಮಡಚುವ ಕುರ್ಚಿಯ ಮೇಲೆ ನಿಧಾನವಾಗಿ ಕೂತರು.

"ಬೇಬಿ, ಅವರ ಸಾಮಾನು ಎಲ್ಲಿಟ್ಟೆ?"

ನಾನು ಚೀಲಗಳನ್ನು ತೋರಿಸಿದೆ. ಅವರು ಹೇಳಿದ್ದನ್ನು ಕಾರ್ತಿಕ್ ತಲೆ ತಗ್ಗಿಸಿಕೊಂಡು ಒಂದೊಂದೇ ವಾಕ್ಯವಾಗಿ ನನಗೆ ಹೇಳಿದ. ಸತ್ತವರು ಕೊನೆಗೆ ಉಂಡ ತಟ್ಟೆ, ಕುಡಿದ ಕಪ್ಪು, ಉರಿಸಿದ ದೀಪ ಇವನ್ನು ಅವರ ಮೇಲೆಯೇ ಇಡುತ್ತಾರೆ. ಸಾವು ಮನೆಯವರನ್ನು ಬೆನ್ನಟ್ಟದಿರಲಿ ಎಂದು ಒಡೆದು ಇಡುತ್ತಾರೆ. ಅವನ್ನು ಯಾರೂ ಮುಟ್ಟುವುದಿಲ್ಲ. ಬಿರುಗಾಳಿ ಬಂದು ಹೋದಾಗಲೂ ಜನ ಮೊದಲು ಇಲ್ಲಿಗೆ ಬಂದು, ಚೆದುರಿದ್ದನ್ನು ಅಲ್ಲಲ್ಲೇ ಇಟ್ಟು, ಆಮೇಲೆ ತಮ್ಮ ಮನೆಯ ಮಾಡು ನೋಡಿಕೊಂಡರಂತೆ.

ನೂರು ವರ್ಷ ಬಡಿಸದೆ ಬಿಟ್ಟವರು ನಾವು. ಬಂದ ಮೊದಲ ದಿನವೇ ಅವನ ಮುಂದಿನ ತಟ್ಟೆ ಕಿತ್ತುಕೊಂಡವಳು ನಾನು. ನಾನು ಅವರ ಕಾಲು ಮುಟ್ಟಿದೆ. ಬಾಯಿಂದ ಬಂದದ್ದು ತುಳುವೋ ಕನ್ನಡವೋ ನನಗೇ ಗೊತ್ತಾಗಲಿಲ್ಲ, ಕಾರ್ತಿಕ್ ಅದನ್ನು ಹೇಗೆ ಇಂಗ್ಲಿಷಿಗೆ ತಂದನೋ ದೇವರೇ ಬಲ್ಲ.

ಮಿಸ್ ಲೊರೇನ್ ನನ್ನ ತಲೆಯ ಮೇಲೆ ಕೈ ಇಟ್ಟರು. "ನೀನು ತೆಗೆದದ್ದನ್ನು ನೀನೇ ಇಡು," ಎಂದರು.

ಆಗ ಉಪಯೋಗಕ್ಕೆ ಬಂದದ್ದು ಆ ಫೋಟೊ. ಕಾರ್ತಿಕ್ ಅದನ್ನು ಹಿಗ್ಗಿಸಿ ಹಿಡಿದ, ನಾನು ಮಂಡಿಯೂರಿ ಒಂದೊಂದನ್ನೇ ಇಟ್ಟೆ. ಶಂಖದ ಬಾಯಿ ಯಾವ ಕಡೆಗೆ, ಸೀಸೆ ಎಷ್ಟು ಓರೆ ಎಂಬುದನ್ನೂ ಮಿಸ್ ಲೊರೇನ್ ಕುರ್ಚಿಯಿಂದಲೇ ತಿದ್ದಿಸಿದರು. ಜೀವಮಾನವಿಡೀ ಸಾಲು ನೇರ ಮಾಡಿಸಿದವಳು ಅಂದು ಅವರು ಹೇಳಿದ ಹಾಗೆ ಓರೆಯಾಗಿ ಇಟ್ಟೆ. ಕೊನೆಯ ಚಿಪ್ಪು ಇಡುವಾಗ ಮಂಡಿ ಮರಗಟ್ಟಿತ್ತು. ಅಂಚಿನಲ್ಲಿ ನೀಲಿ ಗೆರೆಯಿದ್ದ, ನಡುವೆ ತೂತಾದ ತಟ್ಟೆ ಅಜ್ಜನದು. ಕೊನೆಯ ಅನ್ನವನ್ನು ಹ್ಯಾನಾ ಅದರಲ್ಲೇ ಬಡಿಸಿದ್ದಳಂತೆ.

ಆ ತಟ್ಟೆಯ ಪಕ್ಕದಲ್ಲಿ ಎಲೆ ಹಾಸಿದೆ. ಅನ್ನದ ಪಾತ್ರೆ ತೆರೆಯುವಾಗ ಮಿಸ್ ಲೊರೇನ್ ಕೇಳಿದರು.

"ನನ್ನ ಅಜ್ಜಿಯ ಎಲೆ ಎಲ್ಲಿ?"

ಕಾರ್ತಿಕ್ ನನ್ನ ಮುಖ ನೋಡಿದ. ಲ್ಯಾನ್‌ಹ್ಯಾಮ್‌ನಲ್ಲಿ ನಾನು ಆಡಿದ್ದು ಅವನಿಗೆ ನೆನಪಿತ್ತು. ನಾನು ಕ್ರಮ ವಿವರಿಸಿದೆ: ಹ್ಯಾನಾ ಅವಳ ತಾಯಿಯ ಕುಟುಂಬದವಳು, ಅವಳಿಗೆ ಬಡಿಸಬೇಕಾದವರು ಆ ಕುಟುಂಬದ ಹಿರಿಯ ಹೆಂಗಸು. ಹೇಳುತ್ತ ಹೇಳುತ್ತ ನನಗೇ ಹೊಳೆಯಿತು. ಹ್ಯಾನಾಳ ಮಗಳ ಮಗಳು ಎದುರಿಗೇ ಕೂತಿದ್ದಾರೆ. ನಮ್ಮ ಲೆಕ್ಕದಲ್ಲಿ ಆ ಕುಟುಂಬದ ಹಿರಿಯ ಹೆಂಗಸು ಅವರೇ.

"ನೀವೇ ಬಡಿಸಬೇಕು," ಎಂದೆ.

ಇನ್ನೊಂದು ಎಲೆ ಬಿಡಿಸಿ ಹಾಸಿದೆ. ಅವರು ಕುರ್ಚಿಯಿಂದ ಎದ್ದು, ನನ್ನ ಭುಜ ಹಿಡಿದು ಬಗ್ಗಿ, ಹ್ಯಾನಾಳ ಎಲೆಗೆ ಕೆಂಪನ್ನ ಬಡಿಸಿದರು. ನಾನು ಮುದ್ದಜ್ಜನ ಎಲೆಗೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಡಿಸಿದೆ. ನಾನು ಕೈ ತೆಗೆಯುವ ಮೊದಲೇ ಮಿಸ್ ಲೊರೇನ್ ತಮ್ಮ ಚಮಚ ಚಾಚಿ ಅವನ ಎಲೆಗೂ ಒಂದಿಷ್ಟು ಹಾಕಿದರು. "ದಿನಾ ಅವನಿಗೆ ಊಟ ಕೊಟ್ಟವಳು ಅವಳು. ಇವತ್ತು ಯಾಕೆ ನಿಲ್ಲಿಸಬೇಕು?" ಎಂದರು. ನಾನೂ ಹ್ಯಾನಾಳ ಎಲೆಗೆ ಸಾರು ಬಡಿಸಿದೆ.

ಹೆಸರು ಹಿಡಿದು ಕರೆದೆವು. ಮುದ್ದ ಎಂದು ಅವರೂ ನನ್ನ ಜೊತೆ ಸೇರಿ ಕರೆದರು. ಮುಚ್ಚಲು ಬಾಗಿಲಿಲ್ಲದ್ದರಿಂದ ಮೂವರೂ ಬೆನ್ನು ತಿರುಗಿಸಿ ಮರದ ಕಡೆ ಮುಖ ಮಾಡಿ ನಿಂತೆವು. ಸೊಳ್ಳೆಗಳು ನಮ್ಮನ್ನು ಹರಿದು ತಿಂದವು, ಆದರೂ ಯಾರೂ ತಿರುಗಲಿಲ್ಲ. ಆಮೇಲೆ ನಾವೂ ನೆಲದ ಮೇಲೆ ಕೂತು ಉಂಡೆವು. ಕಾರ್ತಿಕ್ ಬರಿ ಮೊಸರನ್ನ ತಿಂದ.

ಸಂಜೆ ಊರಿಗೆ ಫೋನ್ ಮಾಡಿದೆ. ಆಟಿಗೆ ಬಾಳೆಯೆಲೆ ಕೊಯ್ದು ತರುವವನು ನನ್ನ ತಮ್ಮ.

"ಬಡಿಸಿ ಆಯ್ತಾ ಅಕ್ಕ?" ಎಂದು ಕೇಳಿದ. "ಹಾಗಾದ್ರೆ ಈ ಸಲ ಆ ಖಾಲಿ ಎಲೆಗೂ ಬಡಿಸ್ಲಿಕ್ಕೆ ಆಗ್ತದಲ್ಲ?"

"ಆಗ್ತದೆ. ನೀನು ಒಂದು ಎಲೆ ಹೆಚ್ಚು ಕೊಯ್ದು ತಾ."

"ಯಾರಿಗೆ?"

"ಅವನ ಹೆಂಡತಿಗೆ."

"ಅವರು ನಮ್ಮ ಕುಟುಂಬದವರಲ್ವಲ್ಲ ಅಕ್ಕ. ಕ್ರಮ ಇಲ್ವಲ್ಲ."

"ನಮ್ಮವನನ್ನು ಒಂದು ದಿನವೂ ಉಪವಾಸ ಕೂರಿಸದವಳು ಅವಳು. ಹೆಸರು ಹ್ಯಾನಾ," ಎಂದೆ. "ಕರೆದು ಅಭ್ಯಾಸ ಮಾಡು."